ನಕ್ಷೆ ಬರೆದರೆ ಸಾಕೆ?

ಕಳೆದ ವಾರ್ಷಿಕೋತ್ಸವಕ್ಕೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಬಂದಿದ್ದರು. ಪುಣೆಯಲ್ಲಿ ಮೋಟಾರು ಗಾಡಿಗಳ ಒಳಗೆ ಅಡಗಿ ಕುಳಿತು ಕೆಲಸ ಮಾಡುವ ಪುಟ್ಟ ಗಣಕಯಂತ್ರಗಳಿಗೆ ತಂತ್ರಾಂಶ ಒದಗಿಸುವುದು ಅವರ ಉದ್ಯೋಗ. ವೇದಿಕೆಯ ಮೇಲಿನಿಂದ ಅವರು ಮಕ್ಕಳಿಗೆ ಹೇಳಿದ ಮಾತೊಂದು ಸಭೆಯಲ್ಲಿ ಬಹಳ ಹೊತ್ತು ನಿಂತಿತು. “ನಾವು ಈಗ ಪ್ರೋಗ್ರಾಮಿನ ಸಾಲುಗಳನ್ನು ಕೈಯಿಂದ ಬರೆಯುವುದು ಕಡಮೆ. ಪೆಟ್ಟಿಗೆಗಳನ್ನೂ ಬಾಣಗಳನ್ನೂ ಬಿಡಿಸಿ ಒಂದು ನಕ್ಷೆ ಮಾಡುತ್ತೇವೆ, ಸಾಲುಗಳನ್ನು ಯಂತ್ರವೇ ಬರೆದುಕೊಳ್ಳುತ್ತದೆ” ಎಂದರು. ಚಪ್ಪಾಳೆಯೂ ಬಿದ್ದಿತು.

ಮಾತೇನೋ ಸತ್ಯವೇ. ಆದರೆ ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ಅದರಿಂದ ಎರಡು ತೀರ್ಮಾನಗಳು ಹೊರಟಿದ್ದುವು. ಯಂತ್ರವೇ ಬರೆಯುವುದಾದರೆ ಮಕ್ಕಳು ಇಷ್ಟೆಲ್ಲ ಲೆಕ್ಕ, ವ್ಯಾಕರಣ ಎಂದು ತಲೆ ಕೆಡಿಸಿಕೊಳ್ಳುವುದೇತಕ್ಕೆ ಎಂಬುದು ಒಂದು. ಆ ಪೆಟ್ಟಿಗೆಗಳ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿರುತ್ತದೆ, ಕನ್ನಡ ಮಾಧ್ಯಮದವರಿಗೆ ಅದರ ಗೊಡವೆಯೇ ಬೇಡ ಎಂಬುದು ಇನ್ನೊಂದು. ಎರಡನೆಯದನ್ನು ಹೇಳಿದ ಪೋಷಕರು ಮುಂದಿನ ವರ್ಷ ತಮ್ಮ ಮಗನನ್ನು ಬೇರೆ ಶಾಲೆಗೆ ಸೇರಿಸುವ ಯೋಚನೆಯಲ್ಲಿದ್ದರು. ನಮಗೆ ಈ ಎರಡು ತೀರ್ಮಾನಗಳೂ ಒಪ್ಪಿಗೆಯಿಲ್ಲ. ಏಕಿಲ್ಲವೆಂಬುದನ್ನು ಹೇಳುವುದಕ್ಕೆ ಮೊದಲು ಆ ನಕ್ಷೆಯ ವಿದ್ಯೆ ಹುಟ್ಟಿದ್ದಾದರೂ ಯಾವ ಕಷ್ಟದಿಂದ ಎಂಬುದನ್ನು ವಾಚಕರ ಮುಂದಿಡಬೇಕಾಗಿದೆ.

ಸುಮಾರು ೨೦೦೫ರವರೆಗೂ ಗಣಕಯಂತ್ರದ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು. ಅಲ್ಲಿಂದ ಮುಂದೆ ಅದು ಹಿಂದಿನಂತೆ ಏರದಾಯಿತು. ಕಾರಣ ಶಾಖ. ಒಂದೇ ಚಿಪ್ಪನ್ನು ಇನ್ನೂ ವೇಗವಾಗಿ ಓಡಿಸಿದರೆ ಅದು ಕಾಯುವ ಕಾವನ್ನು ಹೊರದೂಡುವುದೇ ಅಸಾಧ್ಯವೆನ್ನಿಸಿತು. ಆದುದರಿಂದ ತಯಾರಕರು ಒಬ್ಬ ಬಲಿಷ್ಠ ಆಳಿಗೆ ಬದಲಾಗಿ ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ಆಳುಗಳನ್ನು ಕೂರಿಸಿದರು. ಮೇಜಿನ ಮೇಲಿನ ಯಂತ್ರಗಳಲ್ಲಿ ಆರಂಭವಾದ ಈ ಪದ್ಧತಿ ಕ್ರಮೇಣ ಗಾಡಿ, ವಿಮಾನ, ಆಸ್ಪತ್ರೆಯ ಉಪಕರಣ ಮುಂತಾದುವುಗಳ ಹೊಟ್ಟೆಯೊಳಗಿನ ಗಣಕಗಳಿಗೂ ಬಂದಿತು. ಹಲವರು ಕೂಡಿ ಮಾಡಿದರೆ ಕೆಲಸ ಬೇಗ ಆಗಬೇಕಷ್ಟೆ. ಆಗುತ್ತದೆಯೆ?

ಮುಂಬಯಿಯ ಕನ್ನಡಿಗರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಸಂತತಿ ನಮ್ಮದು. ಮಾಟುಂಗಾದ ಯಾವುದಾದರೊಂದು ಉಡುಪಿ ಹೋಟೆಲಿನ ಅಡಿಗೆಮನೆಯನ್ನು ಬೆಳಗಿನ ಎಂಟು ಗಂಟೆಗೆ ಇಣಿಕಿ ನೋಡಿದರೆ ಸಾಕು. ಒಬ್ಬನು ಇಡ್ಲಿ ಬೇಯಿಸುತ್ತಾನೆ, ಒಬ್ಬನು ವಡೆ ಕರಿಯುತ್ತಾನೆ, ಒಬ್ಬನು ತಟ್ಟೆ ಜೋಡಿಸುತ್ತಾನೆ. ಎಲ್ಲವೂ ಸುಸೂತ್ರವಾಗಿರುವಾಗ ಅದೊಂದು ಸಂಗೀತ. ಆದರೆ ಸೌಟು ಹಿಡಿದವನು ಪಾತ್ರೆಗಾಗಿಯೂ, ಪಾತ್ರೆ ಹಿಡಿದವನು ಸೌಟಿಗಾಗಿಯೂ ಕಾಯುತ್ತ ನಿಂತರೆ? ಇಬ್ಬರೂ ನಿರಪರಾಧಿಗಳು, ಇಬ್ಬರೂ ಕರ್ತವ್ಯನಿಷ್ಠರು, ಗಿರಾಕಿಗೆ ಮಾತ್ರ ತಿಂಡಿ ಇಲ್ಲ. ಅಡಿಗೆಮನೆಯಲ್ಲಾದರೋ ಭಟ್ಟರು ಒಂದು ಸಲ ಗದರಿದರೆ ತೊಡಕು ಬಿಡಿಸಿಕೊಳ್ಳುತ್ತದೆ. ಗಣಕಕ್ಕೆ ಗದರುವವರಿಲ್ಲ.

ಇಂಥ ತೊಡಕಿನ ದೊಡ್ಡ ದುರ್ಗುಣವೆಂದರೆ ಅದು ಪರೀಕ್ಷೆ ಮಾಡಿದಾಗ ಕಾಣಿಸಿಕೊಳ್ಳದಿರುವುದು. ಅಮೆರಿಕೆಯ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಎಡ್ವರ್ಡ್ ಲೀ ಎಂಬ ಪ್ರಾಧ್ಯಾಪಕರು ಬಹುಕಾಲದಿಂದ ಈ ವಿಷಯದಲ್ಲೇ ಪರಿಶ್ರಮಪಟ್ಟವರು. ಅವರ ತಂಡ ೨೦೦೦ದಲ್ಲಿ ಟಾಲೆಮಿ ಎಂಬ ತಮ್ಮ ವ್ಯವಸ್ಥೆಗಾಗಿ ಹಲವು ಎಳೆಗಳು ಏಕಕಾಲಕ್ಕೆ ನಡೆಯುವ ಪ್ರೋಗ್ರಾಮೊಂದನ್ನು ಬರೆಯಿತು. ಬಲ್ಲವರು ವಿನ್ಯಾಸವನ್ನು ಪರಿಶೀಲಿಸಿದರು. ಸಾಲು ಸಾಲನ್ನೂ ಇತರರು ಓದಿ ನೋಡಿದರು. ಪ್ರತಿಯೊಂದು ಸಾಲೂ ಒಮ್ಮೆಯಾದರೂ ನಡೆಯುವಂತೆ ಪರೀಕ್ಷೆಗಳನ್ನು ಏರ್ಪಡಿಸಿದರು. ನಾಲ್ಕು ವರ್ಷ ಅದು ನಿರಾತಂಕವಾಗಿ ನಡೆಯಿತು. ೨೦೦೪ರ ಏಪ್ರಿಲ್ ೨೬ರಂದು ಇದ್ದಕ್ಕಿದ್ದಂತೆ ಸೌಟಿನವನೂ ಪಾತ್ರೆಯವನೂ ಒಬ್ಬರಿಗೊಬ್ಬರು ಕಾಯುತ್ತ ನಿಂತುಬಿಟ್ಟರು. ಇದನ್ನು ಲೀಯವರು ೨೦೦೬ರಲ್ಲಿ ತಾವೇ ಪ್ರಕಟಿಸಿದರು. ತಮ್ಮ ತಪ್ಪನ್ನು ತಾರೀಖು ಸಹಿತ ಅಚ್ಚಿಗೆ ಕೊಡುವ ವಿದ್ವಾಂಸರು ನಮಗೆ ಅಷ್ಟಾಗಿ ಕಾಣಸಿಗುವುದಿಲ್ಲವಾದ್ದರಿಂದ ಈ ಸಂಗತಿಯನ್ನು ಸ್ವಲ್ಪ ವಿಸ್ತರಿಸಿಯೇ ಹೇಳಿದೆವು. ೧೯೯೭ರ ಜುಲೈ ೪ರಂದು ಮಂಗಳಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯ ಕಥೆಯೂ ಇದೇ ಜಾತಿಯದು. ಅಲ್ಲಿ ಗಣಕವೊಂದೇ, ಕೆಲಸಗಳು ಹಲವು. ಹವಾಮಾನವನ್ನು ಬರೆದುಕೊಳ್ಳುವ ಕಿರಿಯ ಕೆಲಸವೊಂದು ಎಲ್ಲರಿಗೂ ಬೇಕಾದ ಬೀಗವನ್ನು ಹಿಡಿದುಕೊಂಡಿತು. ನಡುವಣ ದರ್ಜೆಯ ಕೆಲಸವೊಂದು ಅಡ್ಡ ಬಂದು ಅದನ್ನು ಮುಂದುವರಿಯಗೊಡಲಿಲ್ಲ. ಎಲ್ಲಕ್ಕಿಂತ ಹಿರಿಯ ಕೆಲಸ ಬೀಗಕ್ಕಾಗಿ ಕಾದು ಸಾಕಾಯಿತು. ಕಾವಲಿನ ಏರ್ಪಾಡು ಏನೋ ಕೆಟ್ಟಿದೆಯೆಂದು ಬಗೆದು ಗಣಕವನ್ನು ಮತ್ತೆ ಮತ್ತೆ ಮೊದಲಿನಿಂದ ಆರಂಭಿಸತೊಡಗಿತು. ಬೀಗ ಹಿಡಿದವನಿಗೆ ಅಷ್ಟು ಹೊತ್ತಿನ ಮಟ್ಟಿಗೆ ಕಾಯುವವನ ಹಿರಿತನವನ್ನೇ ಕೊಡಬೇಕೆಂಬ ನಿಯಮವನ್ನು ಭೂಮಿಯಿಂದ ಕಳುಹಿಸಿದ ಮೇಲೆ ಸರಿಹೋಯಿತು.

ಹೀಗಿರಲಾಗಿ, ಈ ಬೀಗ-ಬೀಗದಕೈಗಳ ವ್ಯವಹಾರವನ್ನು ಮನುಷ್ಯನ ಕೈಗೇ ಕೊಡದಿದ್ದರೆ ಹೇಗೆ ಎಂಬ ಆಲೋಚನೆ ಬಂದುದು ಸಹಜ. ಏನಾಗಬೇಕೆಂಬುದನ್ನು ಮನುಷ್ಯನು ನಕ್ಷೆಯಲ್ಲಿ ಹೇಳಲಿ; ಯಾವ ಆಳು ಯಾವಾಗ ಯಾವ ಕೆಲಸ ಮಾಡಬೇಕೆಂಬುದನ್ನು ಯಂತ್ರ ಲೆಕ್ಕ ಹಾಕಲಿ. ಅದೇ ಲೀಯವರು ಮೆಸರ್ಶ್‌ಮಿಟ್ ಎಂಬುವರೊಡನೆ ೧೯೮೭ರಲ್ಲಿ ಪ್ರಕಟಿಸಿದ ವಿಧಾನವೊಂದು ನಮ್ಮ ಎಂಟನೆಯ ತರಗತಿಯವರಿಗೂ ನಿಲುಕುವಂಥದು. ನಮ್ಮ ಅಡಿಗೆಮನೆಯನ್ನೇ ತೆಗೆದುಕೊಳ್ಳೋಣ. ಒಂದು ಸಲ ಹಬೆಗಿಟ್ಟರೆ ೨೪ ಇಡ್ಲಿ. ಒಂದು ಸಲ ಬಾಣಲೆಗೆ ಬಿಟ್ಟರೆ ೧೦ ವಡೆ. ಒಂದು ತಟ್ಟೆಗೆ ೨ ಇಡ್ಲಿ, ೧ ವಡೆ. ಕೊನೆಯಲ್ಲಿ ಏನೂ ಮಿಗದಂತೆ, ಏನೂ ಸಾಲದಾಗದಂತೆ ಯಾರು ಎಷ್ಟು ಸಲ ಕೆಲಸ ಮಾಡಬೇಕು? ಲಘುತಮ ಸಾಮಾನ್ಯ ಗುಣಕ ತಿಳಿದ ಹುಡುಗನು ಹೇಳಿಬಿಡುತ್ತಾನೆ: ಹಬೆ ೫ ಸಲ, ಬಾಣಲೆ ೬ ಸಲ, ತಟ್ಟೆ ೬೦. ಈ ಸರದಿಯನ್ನು ಒಮ್ಮೆ ಕಾಗದದ ಮೇಲೆ ನಿಶ್ಚಯಿಸಿಕೊಂಡರೆ ದಿನವೆಲ್ಲ ಅದನ್ನೇ ತಿರುತಿರುಗಿಸಬಹುದು. ಇಡ್ಲಿ ಇಡಲು ಎಷ್ಟು ದೊಡ್ಡ ಡಬರಿ ಬೇಕೆಂಬುದೂ ಮೊದಲೇ ಗೊತ್ತಾಗುತ್ತದೆ. ಒಂದೇ ರುಬ್ಬುಕಲ್ಲಿನಿಂದ ಹೊರಟು ಎರಡು ದಾರಿಗಳಲ್ಲಿ ಹೋಗಿ ಒಂದೇ ತಟ್ಟೆಯಲ್ಲಿ ಕೂಡುವ ಪದಾರ್ಥಗಳ ಲೆಕ್ಕ ತಾಳೆಯಾಗದಿದ್ದರೆ, ಒಂದು ಕಡೆ ರಾಶಿ ಬೀಳುವುದು ಖಂಡಿತವೆಂದು ಒಲೆ ಹಚ್ಚುವ ಮೊದಲೇ ತಿಳಿಯುತ್ತದೆ. ಯಂತ್ರ ಇದೇ ಲೆಕ್ಕವನ್ನು ಸಾವಿರಾರು ಪೆಟ್ಟಿಗೆಗಳಿಗೆ ಮಾಡಿ, ಕೆಲಸವನ್ನು ಆಳುಗಳಿಗೆ ಹಂಚಿ, ಆಮೇಲೆ ಸಾಲುಗಳನ್ನು ಬರೆಯುತ್ತದೆ. ಸೌಟಿನ ಜಗಳಕ್ಕೆ ಅವಕಾಶವೇ ಇರದಂತೆ ಸರದಿ ಮೊದಲೇ ಗೊತ್ತುಮಾಡಿದೆ.

ಇದು ಬರಿಯ ಪಾಠಶಾಲೆಯ ಆಟವಲ್ಲ. ಫ್ರಾನ್ಸಿನ ಗ್ರನೋಬಲ್ ನಗರದಲ್ಲಿ ಪಾಲ್ ಕಾಸ್ಪಿ ಮತ್ತು ನಿಕೊಲಾ ಆಲ್ಬ್‌ವಾಕ್ಸ್ ಎಂಬಿಬ್ಬರು ೧೯೮೦ರ ದಶಕದಲ್ಲಿ ಲುಸ್ತ್ರ ಎಂಬ ಭಾಷೆಯನ್ನು ರೂಪಿಸಿದರು. ನಿಯಂತ್ರಣಶಾಸ್ತ್ರದ ಎಂಜಿನಿಯರುಗಳು ಮೊದಲಿನಿಂದಲೂ ಸಮೀಕರಣಗಳನ್ನೂ ಪೆಟ್ಟಿಗೆಗಳ ನಕ್ಷೆಯನ್ನೂ ಬರೆದುಕೊಂಡು ಯೋಚಿಸುವವರು. ಆ ನಕ್ಷೆಯನ್ನೇ ಪ್ರೋಗ್ರಾಮೆಂದು ಏಕೆ ಎಣಿಸಕೂಡದೆಂಬುದೇ ಅದರ ಹಿಂದಿನ ವಿಚಾರ. ಅದರಿಂದ ಬೆಳೆದ ಸ್ಕೇಡ್ ಎಂಬ ಸಾಧನ ಏರ್‌ಬಸ್ ವಿಮಾನಗಳ ಹಾರಾಟದ ನಿಯಂತ್ರಣಕ್ಕೆ ಉಪಯೋಗವಾಯಿತು. ೨೦೦೫ರ ಏಪ್ರಿಲ್ ೨೭ರಂದು ಮೊದಲು ಹಾರಿದ ಎ-೩೮೦ ಎಂಬ ಎರಡಂತಸ್ತಿನ ವಿಮಾನವೂ ಅದರಲ್ಲಿ ಸೇರಿದೆ. ನಕ್ಷೆಯಿಂದ ಸಾಲುಗಳನ್ನು ಹೊರಡಿಸುವ ಯಂತ್ರವನ್ನೇ ವಿಮಾನಯಾನದ ಅಧಿಕಾರಿಗಳು ಕಟ್ಟುನಿಟ್ಟಾಗಿ ಪರೀಕ್ಷಿಸಿ ಒಪ್ಪಿದ ಮೇಲೆ, ಹೊರಟ ಸಾಲುಗಳ ಮೇಲೆ ನಡೆಸಬೇಕಾದ ಕೆಲವು ಪರೀಕ್ಷೆಗಳನ್ನು ಕೈಬಿಡಲು ಅವಕಾಶ ದೊರೆತಿದೆ. ಪ್ಯಾರಿಸಿನಲ್ಲಿ ೧೯೯೮ರಲ್ಲಿ ಆರಂಭವಾದ ೧೪ನೆಯ ಮೆಟ್ರೋ ಮಾರ್ಗದ ಗಾಡಿಗಳಿಗೆ ಚಾಲಕನಿಲ್ಲ. ಅದರ ಸುರಕ್ಷತೆಯ ತಂತ್ರಾಂಶವನ್ನು ಬಿ ಎಂಬ ಗಣಿತದ ಪದ್ಧತಿಯಲ್ಲಿ ಬರೆದು, ಪ್ರಮೇಯಗಳಂತೆ ಸಾಧಿಸಿ, ಆಮೇಲೆ ಯಂತ್ರದಿಂದ ಸಾಲುಗಳಾಗಿ ಪರಿವರ್ತಿಸಿದರು.

ಸಾಲುಗಳನ್ನು ಯಂತ್ರಕ್ಕೆ ಬಿಟ್ಟರೆ ಕೈಕೆಲಸದ ಕುಶಲತೆ ನಾಶವಾಗುವುದೆಂಬ ಕೊರಗು ಹೊಸದಲ್ಲ. ೧೯೫೭ರಲ್ಲಿ ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ಹೊರತಂದಾಗಲೂ, ಯಂತ್ರ ಬರೆದ ಸಂಕೇತಗಳು ಮನುಷ್ಯ ಬರೆದುವಕ್ಕೆ ಸಮನಾಗಲಾರವೆಂದು ಅನುಮಾನಿಸಿದವರು ಬಹಳ ಮಂದಿ. ಅನುಮಾನ ಉಳಿಯಲಿಲ್ಲ. ಈ ಮಾತನ್ನು ಇಲ್ಲಿಗೇ ಬಿಡುತ್ತೇವೆ. ನಮಗೆ ಮುಖ್ಯವಾದ ಭಯ ಬೇರೆಯೇ ಉಂಟು.

ಯಂತ್ರ ನಕ್ಷೆಯನ್ನು ಪ್ರಾಮಾಣಿಕವಾಗಿ ಅನುಸರಿಸುತ್ತದೆ. ನಕ್ಷೆಯೇ ತಪ್ಪಾದರೆ ತಪ್ಪನ್ನೂ ಅಷ್ಟೇ ಪ್ರಾಮಾಣಿಕವಾಗಿ ಅನುಸರಿಸುತ್ತದೆ. ೧೯೯೬ರ ಜೂನ್ ೪ರಂದು ಫ್ರೆಂಚ್ ಗಯಾನದ ಕೂರೂ ಎಂಬಲ್ಲಿಂದ ಮೇಲೇರಿದ ಆರಿಯಾನ್-೫ ರಾಕೆಟ್ಟು ಇನ್ನೂ ಒಂದು ನಿಮಿಷ ತುಂಬುವ ಮೊದಲೇ ಆಕಾಶದಲ್ಲಿ ಚೂರಾಯಿತು. ಹಿಂದಿನ ಆರಿಯಾನ್-೪ಕ್ಕಾಗಿ ಬರೆದಿದ್ದ ತಂತ್ರಾಂಶವನ್ನು ಇದರಲ್ಲಿ ಹಾಗೆಯೇ ಇಟ್ಟಿದ್ದರು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ ಹಳೆಯ ರಾಕೆಟ್ಟಿನಲ್ಲಿ ಎಂದೂ ೩೨,೭೬೭ನ್ನು ಮೀರುತ್ತಿರಲಿಲ್ಲ, ಹೊಸದರ ಹಾದಿ ಬೇರೆ, ವೇಗ ಬೇರೆ, ಸಂಖ್ಯೆ ಮೀರಿತು. ಅದಕ್ಕೆಂದು ಇಟ್ಟಿದ್ದ ಪಾತ್ರೆಯಲ್ಲಿ ಹಿಡಿಸದೆ ಗಣಕ ಕೈಚೆಲ್ಲಿತು. ಆ ಲೆಕ್ಕವಾದರೋ ರಾಕೆಟ್ಟು ನೆಲ ಬಿಟ್ಟ ಮೇಲೆ ಯಾವ ಪ್ರಯೋಜನಕ್ಕೂ ಬಾರದ್ದು! ಒಂದು ಕೆಟ್ಟರೆ ಇರಲೆಂದು ಜೊತೆಗೆ ಇನ್ನೊಂದು ಗಣಕವನ್ನು ಇಟ್ಟಿದ್ದರು. ಅದರಲ್ಲಿದ್ದುದೂ ಅದೇ ತಂತ್ರಾಂಶ. ಅದೂ ಅದೇ ಕಾರಣದಿಂದ ಕೆಟ್ಟಿತು. ಇಬ್ಬರು ಆಳುಗಳಿಗೆ ಒಂದೇ ತಪ್ಪು ಪಾಠ ಹೇಳಿಕೊಟ್ಟರೆ ಇಬ್ಬರೂ ಒಂದೇ ಹಳ್ಳಕ್ಕೆ ಬೀಳುತ್ತಾರೆ. ಈ ಸಂದರ್ಭದಲ್ಲಿ ಸಾಲುಗಳನ್ನು ಬರೆದವರು ಮನುಷ್ಯರೇ. ಆದರೆ ಯಂತ್ರವೇ ಬರೆದಿದ್ದರೂ, ಹಳೆಯ ರಾಕೆಟ್ಟಿನ ಊಹೆಗಳನ್ನೇ ಇಟ್ಟುಕೊಂಡ ನಕ್ಷೆಯಿಂದ ಹೊಸ ರಾಕೆಟ್ಟಿಗೆ ಹಿತವಾದ ಸಾಲುಗಳು ಹೊರಡುತ್ತಿರಲಿಲ್ಲ.

ಕಾಲದ ಪ್ರಶ್ನೆಯೂ ಪೂರ್ತಿಯಾಗಿ ಬಗೆಹರಿದಿಲ್ಲವೆಂಬುದನ್ನು ಹೇಳಬೇಕು. ಅಡಿಗೆಯವರು ನಾಲ್ವರಾದರೂ ನಲ್ಲಿ ಒಂದೇ. ಒಬ್ಬನು ಪಾತ್ರೆ ತುಂಬಿಸುವಾಗ ಇನ್ನೊಬ್ಬನು ಕಾಯಲೇಬೇಕು. ಎಷ್ಟು ಹೊತ್ತು ಎಂಬುದು ಪಕ್ಕದವನ ಪಾತ್ರೆಯ ಗಾತ್ರವನ್ನು ಅವಲಂಬಿಸಿದೆ. ಒಂದೇ ಚಿಪ್ಪಿನ ಹಲವು ಆಳುಗಳಿಗೂ ಸ್ಮೃತಿಕೋಶದ ನಲ್ಲಿ ಒಂದೇ ಆಗಿರುವುದರಿಂದ, ಒಂದು ಕೆಲಸ ಅತಿ ಹೆಚ್ಚೆಂದರೆ ಎಷ್ಟು ಹೊತ್ತು ಹಿಡಿದೀತೆಂದು ಮೊದಲೇ ಹೇಳುವುದು ದುಸ್ತರ. ವಿಮಾನಯಾನದ ಅಧಿಕಾರಿಗಳು ಇದರ ಬಗ್ಗೆಯೇ ಪ್ರತ್ಯೇಕ ಸೂಚನಾಪತ್ರವೊಂದನ್ನು ೨೦೧೬ರಲ್ಲಿ ಹೊರಡಿಸಿದರು. ಪೆಟ್ಟಿಗೆ-ಬಾಣಗಳ ನಕ್ಷೆಯಲ್ಲಿ ಈ ನಲ್ಲಿ ಕಾಣಿಸುವುದಿಲ್ಲ. ಕಾಣದ್ದನ್ನು ನೆನಪಿಟ್ಟುಕೊಳ್ಳತಕ್ಕವನು ಮನುಷ್ಯನೇ.

ಈಗ ನಮ್ಮ ಶಾಲೆಗೆ ಬರೋಣ. ವಾರ್ಷಿಕೋತ್ಸವದ ಮಾತನ್ನು ಪರೀಕ್ಷಿಸಿ ನೋಡೋಣವೆಂದು ನಾವು ಒಂಬತ್ತನೆಯ ತರಗತಿಯ ಕನ್ನಡದ ಅವಧಿಯೊಂದರಲ್ಲಿ ಚಿಕ್ಕ ಪ್ರಯೋಗ ಮಾಡಿದೆವು. ಮುಂಬಯಿಯ ಪ್ರತಿಯೊಂದು ಕಟ್ಟಡದಲ್ಲಿಯೂ ಕೆಳಗೊಂದು ನೀರಿನ ತೊಟ್ಟಿ, ಮೇಲೊಂದು ತೊಟ್ಟಿ, ನಡುವೆ ಪಂಪು ಇರುವುದು ಮಕ್ಕಳಿಗೆ ಗೊತ್ತು. ಪಂಪು ಯಾವಾಗ ನಡೆಯಬೇಕು, ಯಾವಾಗ ನಿಲ್ಲಬೇಕೆಂಬುದನ್ನು ಎರಡೇ ವಾಕ್ಯಗಳಲ್ಲಿ ಬರೆಯಿರಿ ಎಂದೆವು. ಎಲ್ಲರೂ ಐದು ನಿಮಿಷದೊಳಗೆ ಬರೆದರು. “ಮೇಲಿನ ತೊಟ್ಟಿ ತುಂಬಿದಾಗ ಪಂಪು ನಿಲ್ಲಬೇಕು” ಎಂದು ಬಹುಮಂದಿಯ ವಾಕ್ಯ.

ತಪ್ಪೇನಿದೆ? “ತುಂಬಿದಾಗ” ಎಂದರೆ ತುಂಬಿದ ಆ ಕ್ಷಣದಲ್ಲಿ. ಈಗಾಗಲೇ ತುಂಬಿರುವ ತೊಟ್ಟಿಗೆ ಕಾವಲುಗಾರನು ಗುಂಡಿಯೊತ್ತಿ ಪಂಪು ಹಚ್ಚಿದರೆ, ತುಂಬುವ ಕ್ಷಣ ಮತ್ತೆ ಬರುವುದೇ ಇಲ್ಲ. ನೀರು ಹರಿದು ಮೆಟ್ಟಿಲಿಳಿಯುತ್ತದೆ. “ತುಂಬಿರುವಾಗ ಪಂಪು ನಡೆಯಕೂಡದು” ಎಂದರೆ ಈ ದೋಷವಿಲ್ಲ. ಆದರೆ ಅದರ ಜೊತೆಗೆ “ತುಂಬಿರದಿದ್ದಾಗ ನಡೆಯಬೇಕು” ಎಂದು ಸೇರಿಸಿದ ಹುಡುಗನ ಪಂಪು, ಯಾರೋ ಒಂದು ಬಕೀಟು ನೀರು ಹಿಡಿದ ಕೂಡಲೇ ಓಡಿ, ಮರುಕ್ಷಣ ನಿಂತು, ಮತ್ತೆ ಓಡಿ, ಸಂಜೆಯೊಳಗೆ ಸುಟ್ಟುಹೋಗುತ್ತದೆ. ಕಾಲು ಭಾಗಕ್ಕೆ ಇಳಿದಾಗ ಹೊರಡಬೇಕು, ತುಂಬುವವರೆಗೆ ನಡೆಯುತ್ತಿರಬೇಕು, ತುಂಬಿರುವಾಗ ನಡೆಯಕೂಡದು ಎಂಬಲ್ಲಿಗೆ ಬರಲು ತರಗತಿಗೆ ಪೂರಾ ನಲವತ್ತು ನಿಮಿಷ ಹಿಡಿಯಿತು. ತುಂಬಿದಾಗ, ತುಂಬಿರುವಾಗ, ತುಂಬುವವರೆಗೆ: ವ್ಯಾಕರಣದ ಪಾಠದಲ್ಲಿ ಆಕಳಿಸುತ್ತಿದ್ದ ಮಕ್ಕಳೇ ಅಂದು ಈ ಕೃದಂತಗಳಿಗಾಗಿ ಜಗಳವಾಡಿದರು. ಗ್ರನೋಬಲ್ಲಿನ ವಿದ್ವಾಂಸರು ಘಟನೆ ಬೇರೆ, ಸ್ಥಿತಿ ಬೇರೆ ಎಂದು ಬೇರ್ಪಡಿಸಿ ನಡೆಸುವ ವಿಚಾರವನ್ನು ನಮ್ಮ ಭಾಷೆ ಒಂದೊಂದು ಪ್ರತ್ಯಯದಲ್ಲಿ ಬೇರ್ಪಡಿಸಿ ಕೊಡುತ್ತದೆ. ಇಂಗ್ಲಿಷನ್ನು ಅರೆಬರೆ ಕಲಿತು ಆ ಭಾಷೆಯಲ್ಲಿ ಇದನ್ನು ಯೋಚಿಸಹೊರಟ ಮಗುವಿಗೆ ಇಷ್ಟು ಸೂಕ್ಷ್ಮ ಸಿಕ್ಕುತ್ತಿತ್ತೆ? ನಮಗೆ ಸಂದೇಹ. ಇಂಗ್ಲಿಷು ಬೇಡವೆಂದು ನಾವು ಹೇಳುತ್ತಿಲ್ಲ. ಪೆಟ್ಟಿಗೆಯ ಮೇಲಿನ ಹೆಸರನ್ನು ಓದಲು ಅದು ಬೇಕು, ಕಲಿಯಲಿ. ಪೆಟ್ಟಿಗೆಯೊಳಗೆ ಏನಿರಬೇಕೆಂದು ನಿಶ್ಚಯಿಸುವ ವಿವೇಚನೆ ಮಾತ್ರ ತನ್ನ ಭಾಷೆಯಲ್ಲಿ ಬಲಿತಿರಬೇಕು.

ಮರುದಿನ ಇಬ್ಬರು ಹುಡುಗರನ್ನು ಎ ವಿಂಗ್, ಬಿ ವಿಂಗ್ ಪಂಪುಗಳಾಗಿ ನಿಲ್ಲಿಸಿದೆವು. ಕೆಳಗಿನ ತೊಟ್ಟಿ ಇಬ್ಬರಿಗೂ ಒಂದೇ. ಅದರ ನೀರಿನ ಲೆಕ್ಕ ಕರಿಹಲಗೆಯ ಮೇಲೆ. ಹಲಗೆ ನೋಡುವುದು, ನೀರು ಸಾಕಷ್ಟಿದ್ದರೆ ಪಂಪು ಹಚ್ಚುವುದು, ಆಮೇಲೆ ಲೆಕ್ಕ ಕಳೆದು ಬರೆಯುವುದು, ಇಷ್ಟೇ ನಿಯಮ. ಆರು ಸಲ ಎಲ್ಲವೂ ಸರಿಯಾಗಿ ನಡೆಯಿತು. ಏಳನೆಯ ಸಲ ಇಬ್ಬರೂ ಒಂದೇ ಹೊತ್ತಿಗೆ ಹಲಗೆ ನೋಡಿದರು. ಒಂದು ತೊಟ್ಟಿಗಾಗುವಷ್ಟೇ ನೀರಿತ್ತು. ಅದು ತನಗೇ ಇದೆಯೆಂದು ಇಬ್ಬರೂ ಬಗೆದರು. ಇಬ್ಬರೂ ಪಂಪು ಹಚ್ಚಿದರು. ತೊಟ್ಟಿ ಒಣಗಿತು, ತರಗತಿ ನಕ್ಕಿತು. ಲೀಯವರ ನಾಲ್ಕು ವರ್ಷಗಳ ಕಥೆಯನ್ನು ಅವರಿಗೆ ಆಗ ಹೇಳಿದೆವು. ಯಾರೂ ನಗಲಿಲ್ಲ.

ಈಚೆಗೆ ಮಾತಿನಲ್ಲಿ ಕೇಳಿದರೆ ಸಾಲುಗಳನ್ನು ಬರೆದುಕೊಡುವ ಯಂತ್ರಗಳೂ ಬಂದಿವೆ. ಅವು ಊಹೆಯ ಮೇಲೆ ಬರೆಯತಕ್ಕವು. ಒಂದೇ ಪ್ರಶ್ನೆಗೆ ಇಂದೊಂದು ಉತ್ತರ, ನಾಳೆಯೊಂದು ಉತ್ತರ ಬರಬಹುದು. ನಾವು ಮೇಲೆ ಹೇಳಿದ ನಕ್ಷೆಯ ಯಂತ್ರಗಳು ಆ ಜಾತಿಯವಲ್ಲ. ಒಂದು ನಕ್ಷೆಗೆ ಎಷ್ಟು ಸಲ ಕೇಳಿದರೂ ಅವೇ ಸಾಲುಗಳು. ಆದರೆ ಎರಡರ ಮುಂದೆಯೂ ಕುಳಿತವನು ತನಗೇನು ಬೇಕೆಂಬುದನ್ನು ಸಂದಿಗ್ಧವಿಲ್ಲದೆ ಹೇಳಬಲ್ಲವನಾಗಿರಬೇಕು. ಬೆಂಗಳೂರಿನ ಆಕಾಶದಲ್ಲಿ ೨೦೦೧ರ ಜನವರಿ ೪ರಂದು ಮೊದಲು ಹಾರಿದ, ಆಮೇಲೆ ತೇಜಸ್ ಎಂಬ ಹೆಸರು ಪಡೆದ ವಿಮಾನದ ನಿಯಂತ್ರಣದಲ್ಲಿ ನಾಲ್ಕು ಸಮಾಂತರ ವಾಹಿನಿಗಳಿವೆ. ಅಂಥ ಕೆಲಸ ನಮ್ಮವರಿಗೆ ದೂರದ್ದೇನೂ ಅಲ್ಲ. ನಮ್ಮ ಮಕ್ಕಳು ಅಲ್ಲಿಯ ಬಾಗಿಲವರೆಗೆ ಹೋಗಿ, ವಾಕ್ಯ ಕಟ್ಟಲಾರದೆ ಹಿಂದಿರುಗಬಾರದೆಂಬುದೇ ನಮ್ಮ ಕಳಕಳಿ.

ಆದುದರಿಂದ ಮುಂದಿನ ವರ್ಷದಿಂದ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ವಾರಕ್ಕೊಂದು ಅವಧಿಯನ್ನು ಕನ್ನಡದ ಅಧ್ಯಾಪಕರೂ ವಿಜ್ಞಾನದ ಅಧ್ಯಾಪಕರೂ ಕೂಡಿ ನಡೆಸಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಂಡಿದ್ದೇವೆ. ಗಣಕಯಂತ್ರದ ಕೋಣೆ ಬೇಕಿಲ್ಲ. ಕರಿಹಲಗೆ, ಸೀಮೆಸುಣ್ಣ ಸಾಕು. ಖರ್ಚಿಲ್ಲದ ಕೋರಿಕೆಯಾದ್ದರಿಂದ ಮಂಜೂರಾದೀತೆಂಬ ಆಸೆಯೂ ಉಂಟು. ಮೇಲೆ ಹೇಳಿದ ಪೋಷಕರನ್ನೂ ಒಂದು ದಿನ ತರಗತಿಗೆ ಕರೆದಿದ್ದೇವೆ. ಅಷ್ಟರಲ್ಲಿ ಪಂಪಿನ ಪಾಠವೂ ಮುಗಿದಿಲ್ಲ. ಕೊನೆಯ ಗಂಟೆ ಬಾರಿಸುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ತೊಟ್ಟಿ ತುಂಬಿದೆಯೆಂದು ತಿಳಿಸುವ ತಂತಿಯನ್ನು ಇಲಿ ಕಡಿದರೆ ಪಂಪು ಏನೆಂದು ತಿಳಿಯುತ್ತದೆ?” ಎಂದು ಕೇಳಿದಳು. ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದು, ಅಳಿಸಕೂಡದೆಂದು ಸುತ್ತ ಗೆರೆ ಎಳೆದು ಬಂದಿದ್ದೇವೆ.